ಶನಿವಾರವಾಡೆಯಿಂದ ಪಾಬಳಕ್ಕೆ



ಪುಣೆಯಲ್ಲೇ ಹುಟ್ಟಿ ಬೆಳೆದ ನಿಮಗೆ ‘ಮಸ್ತಾನಿ’ ಎಂದೊಡನೆ ನೆನಪಾಗುವುದು ಎತ್ತರದ ಗ್ಲಾಸು, ಗಟ್ಟಿ ಹಾಲು, ಮೇಲೊಂದು ಐಸ್‌ಕ್ರೀಮಿನ ಉಂಡೆ. ಆಮೇಲೆ 2015ರ ಹಿಂದಿ ಸಿನಿಮಾ. ಅದರಲ್ಲಿ ಮಸ್ತಾನಿಯಾದವಳು ಬೆಂಗಳೂರಿನಲ್ಲಿ ಬೆಳೆದ ನಮ್ಮ ದೀಪಿಕಾ ಪಡುಕೋಣೆ ಎಂಬ ಹೆಮ್ಮೆ ಬೇರೆ! ಇರಲಿ, ತಪ್ಪೇನಿಲ್ಲ. ಆದರೆ ನೀವು ದಿನವೂ ಬಸ್ಸಿನಲ್ಲೋ ಸ್ಕೂಟರಿನಲ್ಲೋ ದಾಟಿಹೋಗುವ ಈ ಊರಿನಲ್ಲಿ ಆಕೆ ನಿಜವಾಗಿ ಬಾಳಿದ, ನೊಂದ ಜಾಗಗಳಿವೆ. ಒಂದು ಭಾನುವಾರ ಬಿಡುವು ಮಾಡಿಕೊಂಡು ನನ್ನೊಡನೆ ಬನ್ನಿ.

ಮೊದಲು ಶನಿವಾರವಾಡೆ. ಮುಂದೆ ಕುದುರೆ ಏರಿ ನಿಂತಿರುವವನು ಒಂದನೆಯ ಬಾಜೀರಾವ್ ಪೇಶ್ವೆ. 1730ರಲ್ಲಿ ಈ ವಾಡೆ ಕಟ್ಟಿಸಲು ತೊಡಗಿದವನೂ ಅವನೇ. 1828ರ ಬೆಂಕಿಯಲ್ಲಿ ಒಳಗಿನ ಅರಮನೆ ಸುಟ್ಟುಹೋಯಿತು. ಕೋಟೆಗೋಡೆ, ಬಾಗಿಲುಗಳು, ಅಡಿಪಾಯ ಉಳಿದವು. ಆನೆ ನುಗ್ಗದಂತೆ ಕಬ್ಬಿಣದ ಮುಳ್ಳು ಬಡಿದ ದಿಲ್ಲಿ ದರವಾಜೆಯ ಎದುರು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಅಲ್ಲಿಗೇ ನಿಲ್ಲಬೇಡಿ. ಉತ್ತರಕ್ಕೇ ಮುಖಮಾಡಿದ ಇನ್ನೊಂದು ಚಿಕ್ಕ ಬಾಗಿಲಿದೆ. ಅದೇ ಮಸ್ತಾನಿ ದರವಾಜೆ. ಆಕೆ ಹೊರಗೆ ಹೋಗಿಬರುತ್ತಿದ್ದುದು ಅದರಿಂದ. ಮನೆಯೊಳಗಿದ್ದೂ ಮನೆಯವಳೆನಿಸದ ಹೆಣ್ಣಿಗೆ ಬೇರೆಯೇ ಬಾಗಿಲು!

ಯಾರೀಕೆ? ಬುಂದೇಲಖಂಡದ ರಾಜ ಛತ್ರಸಾಲನ ಮಗಳು. 1729ರಲ್ಲಿ ಮೊಗಲರ ಸರದಾರ ಮಹಮ್ಮದ್ ಖಾನ್ ಬಂಗಶ್ ಮುತ್ತಿಗೆ ಹಾಕಿದಾಗ ಮುದುಕನಾಗಿದ್ದ ಛತ್ರಸಾಲ ಬಾಜೀರಾವನ ನೆರವು ಬೇಡಿದ. ಬಾಜೀರಾವ್ ಧಾವಿಸಿ ಬಂದು ಬಿಡಿಸಿದ. ಆ ನಂಟಿನಿಂದ ಮಸ್ತಾನಿ ಪುಣೆಗೆ ಬಂದಳು.

ಆಕೆಯ ಚೆಲುವಿನ ಬಗ್ಗೆ ಪುಣೆಯ ಹಳಬರನ್ನು ಕೇಳಿ ನೋಡಿ. ಎಲೆಯಡಿಕೆಯ ಕೆಂಪು ರಸ ಗಂಟಲಲ್ಲಿ ಇಳಿಯುವುದು ಹೊರಗೆ ಕಾಣುತ್ತಿತ್ತಂತೆ! ನನಗೆ ಈ ಕಥೆ ಎಂದೂ ರುಚಿಸಿಲ್ಲ. ಆಕೆ ಕುದುರೆ ಸವಾರಿಯಲ್ಲಿ, ಕತ್ತಿ ಈಟಿಗಳಲ್ಲಿ ಪಳಗಿದವಳು, ದಂಡಿನಲ್ಲಿ ಬಾಜೀರಾವನ ಕುದುರೆಗೆ ಸರಿಯಾಗಿ ತನ್ನ ಕುದುರೆ ನಡೆಸುತ್ತಿದ್ದಳು ಎಂಬ ಮಾತೂ ಅದೇ ಪರಂಪರೆಯಲ್ಲಿದೆ. ಅದನ್ನು ಯಾಕೋ ಯಾರೂ ಅಷ್ಟು ಸಂಭ್ರಮದಿಂದ ಹೇಳುವುದಿಲ್ಲ.

ಬಾಜೀರಾವನ ಜೊತೆ ಸವಾರಿ ಎಂದರೆ ಸಾಮಾನ್ಯವೇ? ಅವನ ಗೆಲುವಿನ ಗುಟ್ಟೇ ವೇಗ. ಭಾರವಾದ ಫಿರಂಗಿ, ಡೇರೆ, ಸಾಮಾನುಗಳ ಹಂಗಿಲ್ಲದ ಹಗುರ ಕುದುರೆದಂಡು. ಇಂದು ಇಲ್ಲಿ, ನಾಳೆ ಮತ್ತೆಲ್ಲೋ. ಜೋಳದ ತೆನೆಯನ್ನು ಅಂಗೈಯಲ್ಲಿ ಉಜ್ಜಿ ಕುದುರೆಯ ಮೇಲೆ ಕೂತೇ ತಿನ್ನುತ್ತಿದ್ದನೆಂಬ ಕಥೆ ಪ್ರಸಿದ್ಧವಾಗಿದೆ. (ಇಲ್ಲಿನವರು ಹುರಡಾ ಅನ್ನುವುದು, ಧಾರವಾಡದ ಕಡೆಯ ನಿಮ್ಮ ಅಜ್ಜಿ ಸೀತನಿ ಅನ್ನುವುದು ಈ ಎಳೆ ಜೋಳವನ್ನೇ.) ಇಂಥ ದಂಡಿನ ಜೊತೆ ಪಲ್ಲಕ್ಕಿ ಓಡಲಾರದು. ಅವನ ಜೊತೆಗಿರಬೇಕಾದರೆ ಕುದುರೆಯ ಬೆನ್ನ ಮೇಲೆ ದಿನಗಟ್ಟಲೆ ಕೂರುವ ಸೊಂಟ, ತೊಡೆಗಳ ಕಸುವು ಬೇಕು. ವಾಡೆಯಲ್ಲಿ ಬೇರೆ ಬಾಗಿಲಿನಿಂದ ಹೋಗಬೇಕಾದವಳು ಬಯಲಿನಲ್ಲಿ ಅವನ ಪಕ್ಕದಲ್ಲೇ ಹೋಗಬಹುದಿತ್ತು. ಆಕೆ ಕುದುರೆಯನ್ನು ಅಷ್ಟು ಪ್ರೀತಿಸಿದ್ದು ಏಕೆಂದು ನನಗೆ ಅರ್ಥವಾಗುವುದು ಹೀಗೆ.

ಬಾಜೀರಾವ್ ಆಕೆಗಾಗಿ 1734ರಲ್ಲಿ ಬೇರೊಂದು ಮಹಲನ್ನೇ ಕಟ್ಟಿಸಿದ. ಎಲ್ಲಿ ಗೊತ್ತೇ? ನಿಮ್ಮಲ್ಲಿ ಹಲವರ ಮನೆಯಿರುವ ಕೋಥ್ರೂಡಿನಲ್ಲಿ! ಅದರ ಅವಶೇಷಗಳನ್ನು ಕಾಕಾ ಕೇಳಕರರು ತಂದು ತಮ್ಮ ರಾಜಾ ದಿನಕರ ಕೇಳಕರ ಮ್ಯೂಸಿಯಮ್ಮಿನಲ್ಲಿ ಮತ್ತೆ ಜೋಡಿಸಿಟ್ಟಿದ್ದಾರೆ. ವಾಡೆಯಿಂದ ಬಾಜೀರಾವ್ ರಸ್ತೆ ಹಿಡಿದು ಹೋದರೆ ಸಿಗುತ್ತದೆ. ಒಮ್ಮೆ ಒಳಗೆ ನಿಂತು ನೋಡಿ.

ಮನೆಯವರು ಮಾತ್ರ ಒಪ್ಪಲಿಲ್ಲ. ಮುಸಲ್ಮಾನ ತಾಯಿಯ ಮಗಳೆಂಬ ತಕರಾರು. ಪುರೋಹಿತರ ವಿರೋಧವೂ ಸೇರಿತು. 1740ರ ಆರಂಭದಲ್ಲಿ ಬಾಜೀರಾವ್ ದಂಡಿನ ಮೇಲೆ ಹೋಗಿದ್ದಾಗ ಆಕೆಯನ್ನು ಸೆರೆಯಲ್ಲಿಟ್ಟರು. ಜೊತೆಗೆ ಸವಾರಿ ಹೋಗಬೇಕಾದವಳು ನಾಲ್ಕು ಗೋಡೆಗಳ ನಡುವೆ ಉಳಿದಳು. ಆ ಏಪ್ರಿಲ್ 28ರಂದು ನರ್ಮದೆಯ ದಂಡೆಯ ರಾವೇರಖೇಡಿಯಲ್ಲಿ ಬಾಜೀರಾವ್ ತೀರಿಕೊಂಡ. ವಯಸ್ಸು ಇನ್ನೂ ನಲವತ್ತು ತುಂಬಿರಲಿಲ್ಲ. ಅದೇ ವರ್ಷ ಮಸ್ತಾನಿಯೂ ಹೋದಳು.

ಆರು ವರ್ಷದ ಮಗ ಶಮಶೇರ್ ಬಹಾದ್ದೂರನನ್ನು ಸಾಕಿದವಳು ಬಾಜೀರಾವನ ಹಿರಿಯ ಹೆಂಡತಿ ಕಾಶೀಬಾಯಿ ಎಂದು ಹೇಳುತ್ತಾರೆ. ಅವನು 1761ರ ಪಾಣಿಪತ್ ಯುದ್ಧದಲ್ಲಿ ಗಾಯಗೊಂಡು ಸತ್ತ. ಅವನ ಮಗ ಅಲೀ ಬಹಾದ್ದೂರನಿಂದ ಬಾಂದಾದ ನವಾಬರ ಮನೆತನ ಬೆಳೆಯಿತು. 1857ರ ಹೋರಾಟದಲ್ಲಿ ಝಾನ್ಸಿಯ ಲಕ್ಷ್ಮೀಬಾಯಿಯ ಪಕ್ಷದಲ್ಲಿ ನಿಂತ ಬಾಂದಾ ನವಾಬ ಮಸ್ತಾನಿಯ ವಂಶದವನೇ. ಪುಣೆಯ ಜಂಗಲೀ ಮಹಾರಾಜ್ ರಸ್ತೆಯಲ್ಲಿ ಲಕ್ಷ್ಮೀಬಾಯಿ ಕುದುರೆ ಏರಿ ನಿಂತಿದ್ದಾಳಲ್ಲ, ಇನ್ನು ಮುಂದೆ ಆ ಚೌಕ ದಾಟುವಾಗ ಇದೂ ನೆನಪಿರಲಿ.

ಈಗ ಕೊನೆಯ ಜಾಗ. ನಗರ ರಸ್ತೆಯಲ್ಲಿ ಹೊರಟು ಶಿಕ್ರಾಪುರದಲ್ಲಿ ಎಡಕ್ಕೆ ತಿರುಗಿದರೆ ಪಾಬಳ. ಪುಣೆಯಿಂದ ಸುಮಾರು 60 ಕಿಲೋಮೀಟರು. ಬಾಜೀರಾವ್ ಆಕೆಗೆ ಇನಾಮಾಗಿ ಕೊಟ್ಟ ಊರು. ಇಲ್ಲೇ ಆಕೆಯ ಗೋರಿಯಿದೆ. ಗುಮ್ಮಟವಿಲ್ಲ, ವೈಭವವಿಲ್ಲ. ಚಪ್ಪಲಿ ಕಳಚಿಟ್ಟು ಒಂದು ಗಳಿಗೆ ಕೂತು ಬನ್ನಿ. ಸಿನಿಮಾದ ಹಾಡು ಮೊಬೈಲಿನಲ್ಲಿ ಹಾಕಬೇಡಿ, ದಯವಿಟ್ಟು.

ಹಿಂತಿರುಗುವಾಗ ಕೋರೆಗಾಂವ್ ಭೀಮಾದ ಬಳಿ ನದಿ ದಾಟುತ್ತೀರಿ. ಮರಾಠಾ ದಂಡಿನ ಗಿಡ್ಡ, ಗಟ್ಟಿಮುಟ್ಟಾದ ಕುದುರೆಗಳು ಬೆಳೆದದ್ದು ಈ ಭೀಮೆಯ ದಂಡೆಯಲ್ಲೇ. ಅದಕ್ಕೇ ಅವುಗಳಿಗೆ ‘ಭೀಮಥಡಿ’ ಎಂದು ಹೆಸರು. ಕಲ್ಲುಮುಳ್ಳಿನ ದಾರಿಯಲ್ಲಿ, ಸಿಕ್ಕಷ್ಟು ಮೇವಿನಲ್ಲಿ ದಣಿಯದೆ ನಡೆಯುವ ತಳಿ. ಹಟಕರ್ ಕುರಿಗಾಹಿಗಳ ಗಂಟುಮೂಟೆ ಹೊತ್ತು ಇಂದಿಗೂ ಈ ಜಿಲ್ಲೆಯ ರಸ್ತೆಗಳಲ್ಲಿ ಹೋಗುತ್ತಿರುತ್ತವೆ. ಕಂಡರೆ ಗಾಡಿ ನಿಧಾನ ಮಾಡಿ. ಸೇತುವೆಯ ಕೆಳಗಿನ ಆ ನೀರು ಪಂಢರಪುರ ದಾಟಿ, ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾದು, ರಾಯಚೂರಿನ ಹತ್ತಿರ ನಮ್ಮ ಕೃಷ್ಣೆಯನ್ನು ಸೇರುತ್ತದೆ.