ಥಾರ್‌ನ ಬಾಯಿ ಮುಚ್ಚಿಸಿದ್ದು

ಸೈಲೆನ್ಸರ್ ಅಂದರೇನೇ ಸದ್ದು ಅಡಗಿಸೋದು. ಆದರೂ ನಮ್ಮಲ್ಲಿ ಜನ ಅಂಗಡಿಗೆ ಹೋಗಿ, ದುಡ್ಡು ಕೊಟ್ಟು, ಸದ್ದು ಜಾಸ್ತಿ ಮಾಡೋ ಸೈಲೆನ್ಸರ್ ಹಾಕಿಸ್ಕೊಂಡು ಬರ್ತಾರೆ. ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 2014ರ ಥಾರ್‌ಗೂ ಹಿಂದಿನ ಓನರ್ ಅದನ್ನೇ ಮಾಡಿಸಿದ್ದರು. ಕಂಪನಿ ಸೈಲೆನ್ಸರ್ ಕತ್ತರಿಸಿ ತೆಗೆದು, ಆ ಜಾಗಕ್ಕೆ ಮೊಳ ಉದ್ದದ ಒಂದು 'ಫ್ರೀ ಫ್ಲೋ' ಡಬ್ಬ ಕೂರಿಸಿ, ಪೈಪಿನ ಬಾಯನ್ನು ಹಿಂದಿನ ಚಕ್ರದ ಮುಂದೆಯೇ ಪಕ್ಕಕ್ಕೆ ತಿರುಗಿಸಿದ್ದರು. ಗಾಡಿ ಬೇರೆಲ್ಲ ಚೆನ್ನಾಗಿತ್ತು. ಸದ್ದಿನ ನೆಪ ಹೇಳಿ ರೇಟು ಸ್ವಲ್ಪ ಇಳಿಸಿದೆ, ಸರಿ ಮಾಡಿಸಿದರಾಯ್ತು ಅಂತ ತಗೊಂಡೆ.

ನಮ್ಮೂರು ಸಕಲೇಶಪುರದ ಕಡೆ. ಟಾರ್ ರಸ್ತೆ ಬಿಟ್ಟು ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ಎರಡೂ ಕಡೆ ಕಾಫಿ ತೋಟ. ಮಳೆಗಾಲದಲ್ಲಿ ಆ ಏರು ಹತ್ತೋಕೆ ಫೋರ್ ವೀಲ್ ಬೇಕೇ ಬೇಕು. ವೀಕೆಂಡ್ ಶೋಕಿಗೆ ಕೊಂಡ ಗಾಡಿ ಅಲ್ಲ ಅದು.

ಮೊದಲ ಸಲ ಊರಿಗೆ ಒಯ್ದಾಗ ಕಾಫಿ ಕೊಯ್ಲು ನಡೀತಿತ್ತು. ಬೆಳಗ್ಗೆ ಏಳೂವರೆ, ಇನ್ನೂ ಮಂಜು. ಕೆಲಸಕ್ಕೆ ಹೊರಟ ಹೆಂಗಸರು ತಿರುವಿನಲ್ಲಿ ಗುಂಪಾಗಿ ನಿಂತಿದ್ದರು. ಗಾಡಿ ನಿಲ್ಲಿಸಿ "ಯಾಕಕ್ಕ, ಏನಾಯ್ತು?" ಅಂದೆ. ನನ್ನನ್ನು ಚಿಕ್ಕವನಿದ್ದಾಗಿಂದ ನೋಡಿರುವ ಹಿರಿಯಾಕೆ ಕೈ ಅಡ್ಡ ಆಡಿಸಿದರು. "ಇಂಜಿನ್ ಆಫ್ ಮಾಡಪ್ಪ ಒಂಚೂರು. ಆನೆ ಬಂದಾವಂತೆ, ಎತ್ಲಾಗವೆ ಅಂತ ಕೇಳಿಸ್ಕತಾ ಇದೀವಿ."

ಆಫ್ ಮಾಡಿದೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಹಳ್ಳದ ಆಚೆಯಿಂದ ಬೈನೆ ಮರ ಸೀಳಿದ ಸದ್ದು. "ಆಚೆ ಕಡೆ ಅವೆ, ನಡೀರಿ" ಅಂತ ಅವರೆಲ್ಲ ಈಚೆ ಕಾಲುದಾರಿ ಹಿಡಿದರು.

ಸಿಟಿಯಲ್ಲಿ ಸದ್ದು ಅಂದರೆ ಕಿರಿಕಿರಿ, ಅಷ್ಟೇ. ಹೆಡ್‌ಫೋನ್ ಹಾಕ್ಕೊಂಡ್ರೆ ಮುಗೀತು. ನಮ್ಮ ಕಡೆ ಸದ್ದು ಅಂದರೆ ಸುದ್ದಿ. ಆನೆ ಇರುವ ಜಾಗದ ಬಗ್ಗೆ ಅರಣ್ಯ ಇಲಾಖೆಯವರು ಮೊಬೈಲಿಗೆ ಮೆಸೇಜ್ ಕಳಿಸ್ತಾರೆ, ನಿಜ. ಆದರೆ ಕೊನೆಯ ನೂರು ಮೀಟರಿಗೆ ಇರೋದು ಕಿವಿಯೊಂದೇ. ಅಷ್ಟು ದೊಡ್ಡ ಪ್ರಾಣಿ, ನಡೆಯೋದು ಮಾತ್ರ ಮೆತ್ತಗೆ. ಕೊಂಬೆ ಮುರಿದದ್ದು, ನಾಯಿ ಬೊಗಳೋ ದಾಟಿ ಬದಲಾದದ್ದು, ಇಂಥವೇ ಸುಳಿವು. ನನ್ನ ಗಾಡಿ ಆ ದಾರಿಯಲ್ಲಿ ಹೋಗೋ ಐದು ನಿಮಿಷ ಇಡೀ ಕಣಿವೆಗೆ ಕಿವಿ ಇರಲ್ಲ.

"ಸದ್ದು ಕೇಳಿ ಆನೆ ಓಡಿಹೋಗುತ್ತಲ್ಲ, ಒಳ್ಳೇದೇ ಅಲ್ವಾ?" ಅಂತ ಆಫೀಸಿನ ಗೆಳೆಯ ಕೇಳಿದ. ಓಡುತ್ತೆ ಕಣೋ, ಆದರೆ ಯಾವ ಕಡೆಗೆ? ಬೆದರಿದ ಆನೆ ದಾರಿಯಲ್ಲಿ ಯಾರಿದ್ದಾರೆ ಅಂತ ನೋಡಿಕೊಂಡು ಓಡಲ್ಲ.

ಸರಿ, ರಿಪೇರಿಗೆ ಬರೋಣ. ನಾಲ್ಕು ಸಿಲಿಂಡರ್‌ನ ಫೋರ್ ಸ್ಟ್ರೋಕ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಹೊಗೆ ಹೊರದಬ್ಬುತ್ತೆ. 1800 ಆರ್‌ಪಿಎಂ ಅಂದರೆ ಸೆಕೆಂಡಿಗೆ 30 ಸುತ್ತು, 60 ದಬ್ಬು. ಈ 60 ಹರ್ಟ್ಸ್‌ನ 'ಗುಂಯ್' ಅನ್ನೋ ಸದ್ದಿನ ಅಲೆ ಗಾಳಿಯಲ್ಲಿ ಐದೂವರೆ ಮೀಟರ್‌ಗೂ ಉದ್ದ. ಎಲೆ, ಗಿಡ ಯಾವುದಕ್ಕೂ ಅದು ಬಗ್ಗಲ್ಲ. ಇದರ ಮೇಲೆ ಕರ್ಕಶವಾದ ಮೇಲುಸ್ಥಾಯಿಯ ಸದ್ದು ಬೇರೆ. ಎರಡಕ್ಕೂ ಮದ್ದು ಒಂದೇ ಅಲ್ಲ. ಫ್ರೀ ಫ್ಲೋ ಡಬ್ಬದೊಳಗೆ ಇರೋದು ತೂತು ತೂತಿನ ಒಂದು ನೇರ ಪೈಪು, ಸುತ್ತ ಗ್ಲಾಸ್ ವೂಲ್. ಅದು ಕರ್ಕಶವನ್ನು ಹೀರುತ್ತೆ, ಗುಂಯ್ ಅನ್ನೋದನ್ನ ಹೆಚ್ಚುಕಮ್ಮಿ ಹಾಗೇ ಬಿಡುತ್ತೆ. ಅದಕ್ಕೆ ಒಳಗೆ ಗೋಡೆ ಹಾಕಿ ಕೋಣೆ ಮಾಡಿದ ಸೈಲೆನ್ಸರೇ ಬೇಕು. ಅಲೆ ಗೋಡೆಗೆ ಬಡಿದು ತಿರುಗಿ, ಎದುರು ಬರೋ ಅಲೆಯನ್ನು ಹೊಡೆದುಹಾಕುತ್ತೆ.

ಡಿಬಗ್ ಮಾಡೋ ಥರವೇ ಮಾಡಿದೆ. ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಅಳತೆ. ಮೊಬೈಲ್ ಆ್ಯಪ್ ತೋರಿಸೋ ಡೆಸಿಬಲ್ ಅನ್ನು ಕೋರ್ಟಿಗೆ ಒಯ್ಯೋಕಾಗಲ್ಲ. ಆದರೆ ಅದೇ ಫೋನು, ಪೈಪಿನ ಬಾಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆ, ಅದೇ ಆರ್‌ಪಿಎಂ ಇಟ್ಟುಕೊಂಡರೆ ವ್ಯತ್ಯಾಸ ತಿಳಿಯೋಕೆ ಸಾಕು.

ಮೊದಲು ಲೀಕ್. ಪೈಪಿನ ಜಾಯಿಂಟುಗಳಲ್ಲಿ ಕಪ್ಪು ಮಸಿ ಹಿಡಿದಿದ್ದರೆ ಅಲ್ಲಿ ಹೊಗೆ ಸೋರ್ತಿದೆ ಅಂತ. ಎರಡು ಕಡೆ ಗ್ಯಾಸ್ಕೆಟ್ ಬದಲಾಯಿಸಿದೆ, 2 ಡೆಸಿಬಲ್ ಇಳೀತು. ಪೈಪನ್ನು ನೇತುಹಾಕೋ ರಬ್ಬರ್ ಹರಿದು, ಪೈಪು ಚಾಸಿಗೆ ತಾಗಿ ಇಡೀ ಬಾಡಿ ತಮಟೆಯಾಗಿತ್ತು. ಹೊಸ ರಬ್ಬರ್ ಹಾಕಿದ ಮೇಲೆ ಗಾಡಿಯೊಳಗೆ ಮಾತಾಡಿದ್ದು ಕೇಳಿಸೋಕೆ ಶುರುವಾಯ್ತು. ಡಬ್ಬ ಬಿಚ್ಚಿದರೆ ಗ್ಲಾಸ್ ವೂಲ್ ಅರ್ಧ ಸುಟ್ಟುಹೋಗಿತ್ತು. ಹೊಸದಾಗಿ ತುಂಬಿಸಿದೆ, ಇನ್ನೊಂದು 4 ಇಳೀತು. ಕರ್ಕಶ ಹೋಯ್ತು, ಗುಂಯ್ ಉಳೀತು.

ಕೊನೆಗೆ ಹಾಸನದಲ್ಲಿ ಸೈಲೆನ್ಸರ್ ವೆಲ್ಡಿಂಗ್ ಮಾಡೋ ಅಣ್ಣನ ಹತ್ರ ಹೋದೆ. "ಸೌಂಡ್ ಕಮ್ಮಿ ಮಾಡಿ ಅಂತ ಬರೋರು ನೀವೇ ಸಾರ್," ಅಂತ ನಕ್ಕರು. ಪೈಪಿನ ಬಾಯಿಗೆ ತುರುಕೋ ಬಿರಡೆ ಹಾಕಿದರೆ ಸಾಲದಾ ಅಂದೆ. ಬೇಡ ಅಂದರು. ಹೊಗೆಗೆ ದಾರಿ ಕಟ್ಟಿದರೆ ಟರ್ಬೊ ಎಂಜಿನ್ ಬಿಸಿಯಾಗುತ್ತೆ, ಎಳೆಯೋದು ಕಮ್ಮಿಯಾಗುತ್ತೆ. ಅದೇ ಅಳತೆಯ ಪೈಪಿಗೆ ಕೋಣೆಗಳಿರೋ ಸೈಲೆನ್ಸರ್ ಸೇರಿಸಿ, ಬಾಯನ್ನು ಗಾಡಿಯ ಹಿಂದಕ್ಕೆ ಒಯ್ದರು. ನಾನು ಕೇಳಿಕೊಂಡಿದ್ದು ಎರಡೇ: ಕಲ್ಲುದಾರಿಯಲ್ಲಿ ತಾಗದ ಹಾಗೆ ಚಾಸಿಗಿಂತ ಕೆಳಗೆ ಇಳಿಯಬಾರದು, ಡೀಸೆಲ್ ಟ್ಯಾಂಕ್ ಮತ್ತು ಬ್ರೇಕ್ ಪೈಪಿನಿಂದ ದೂರ ಇರಬೇಕು. ಇನ್ನೂ 8 ಡೆಸಿಬಲ್ ಇಳೀತು. ಒಟ್ಟು 14. ಲಾಗ್ ಲೆಕ್ಕ ಗೊತ್ತಿರೋರಿಗೆ ಹೇಳಬೇಕಿಲ್ಲ, ಸದ್ದಿನ ಶಕ್ತಿ 25ನೇ ಒಂದು ಭಾಗಕ್ಕೆ ಬಂತು. ಅದೇ ಏರನ್ನು ಗಾಡಿ ಅದೇ ಗೇರಿನಲ್ಲಿ ಹತ್ತುತ್ತೆ.

ಖರ್ಚು ಎಲ್ಲ ಸೇರಿ 7,000 ರೂಪಾಯಿ. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಶಬ್ದದ ಮಿತಿ ಮೀರಿದ ಗಾಡಿಗೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಪೊಲೀಸರು ಇಂಥ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ಅವುಗಳ ಮೇಲೆ ರೋಡ್ ರೋಲರ್ ಓಡಿಸೋ ವಿಡಿಯೋ ನೀವೂ ನೋಡಿರ್ತೀರಿ. ಆದರೆ ನಮ್ಮ ಮಣ್ಣಿನ ದಾರಿಯಲ್ಲಿ ಪೊಲೀಸರೂ ಇಲ್ಲ, ಡೆಸಿಬಲ್ ಮೀಟರೂ ಇಲ್ಲ. ಮಳೆ ಶುರುವಾದರೆ ಬೆಂಗಳೂರಿಂದ ಆಫ್‌ರೋಡ್ ಗಾಡಿಗಳು ಸಾಲುಗಟ್ಟಿ ಬರುತ್ತವೆ. ಬನ್ನಿ, ಕೆಸರಲ್ಲಿ ಆಡಿ, ಹೋಮ್‌ಸ್ಟೇಯಲ್ಲಿ ಕಡುಬು ತಿನ್ನಿ, ಯಾರೂ ಬೇಡ ಅನ್ನಲ್ಲ. ಹೊರಡೋ ಮುಂಚೆ ಗಾಡಿಯ ಕೆಳಗೊಮ್ಮೆ ಬಗ್ಗಿ ನೋಡಿ, ಅಷ್ಟೇ. ತೋಟದೊಳಗೆ ನಿಮಗೆ ಕಾಣದ ಜನ ಕೆಲಸ ಮಾಡ್ತಿರ್ತಾರೆ. ಅವರು ಕಿವಿ ನಂಬಿಕೊಂಡೇ ಸಂಜೆ ಮನೆಗೆ ಹೋಗೋದು.