ಅಕ್ಕೋರು ಓದುವ ಕ್ಯಾಮೆರಾ

ವೆಬ್‌ಕ್ಯಾಮ್ ಕೆಟ್ಟರೆ ಎಲ್ಲರ ಸಲಹೆ ಒಂದೇ: ಹೊಸದು ತಗೊಳ್ಳಿ. 640×480ಕ್ಕಿಂತ ದೊಡ್ಡ ಚಿತ್ರ ಕೊಡಲಾರದ, ಹದಿನೈದು ವರ್ಷ ಹಳೆಯ ಪ್ಲಾಸ್ಟಿಕ್ ಗುಂಡೊಂದಕ್ಕಾಗಿ ಮೂರು ದಿನ ಕೂತೆ ಎಂದರೆ ನಗುತ್ತಾರೆ. ಆದರೆ ಕೆಳಗಿನ ಮನೆಯ ಅಕ್ಕೋರು ಆ ಕ್ಯಾಮೆರಾದಲ್ಲಿ ಯಾರ ಜೊತೆಗೂ ಮಾತಾಡುವುದಿಲ್ಲ. ಅವರು ಅದರಿಂದ ಓದುತ್ತಾರೆ.

ಧಾರವಾಡದ ಕಡೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು ಅವರು. ಈಗ ಆರ್.ಕೆ.ಪುರಂನಲ್ಲಿ ಮಗನಿಗೆ ಸಿಕ್ಕ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದಾರೆ. ಅವರ ಅಕ್ಷಿಪಟಲದ ನಡುಭಾಗ ಹಾಳಾಗಿದೆ. ನೋಟದ ಅಂಚು ಸರಿಯಿದೆ, ನೇರ ನೋಡಿದ್ದೇ ಮಸುಕು. ಕನ್ನಡ ಓದುವವರಿಗೆ ಇದು ವಿಚಿತ್ರ ಕಷ್ಟ ಕೊಡುತ್ತದೆ. ಮೊದಲು ಕಳೆದುಹೋಗುವುದು ಒತ್ತಕ್ಷರ, ಆಮೇಲೆ ಪ ಮತ್ತು ಷ ನಡುವಿನ ಆ ಸಣ್ಣ ಗೀರು. ಅಕ್ಷರ ಐದು ಪಟ್ಟು ದೊಡ್ಡದಾಗಿ, ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಬಂದರೆ ಅವರು ಅಂಚಿನ ನೋಟದಿಂದ ಹಿಡಿದು ಓದಬಲ್ಲರು. ದಿನಕ್ಕೆ ಎಂಟು ಹತ್ತು ಪುಟ.

ಹಳೆಯ ಕ್ಯಾಮೆರಾದ ಗುಣ ಅದರ ಮೂತಿಯಲ್ಲಿದೆ. ಫೋಕಸ್ಸನ್ನು ಕೈಯಿಂದ ತಿರುಗಿಸುವ ಬಳೆ. ಪುಸ್ತಕದ ಹತ್ತಿರ ಇಳಿಸಿ, ಬಳೆ ತಿರುಗಿಸಿ ಒಮ್ಮೆ ನಿಲ್ಲಿಸಿದರೆ ನಿಂತಿತು. ಅಗ್ಗದ ಹೊಸ ಕ್ಯಾಮೆರಾಗಳು ದೂರದ ಮುಖಕ್ಕೆಂದೇ ಫೋಕಸ್ ಕಟ್ಟಿಕೊಂಡು ಬರುತ್ತವೆ, ಹತ್ತಿರದ ಕಾಗದ ಅವಕ್ಕೆ ಮಂಜು. ದುಬಾರಿಯವು ತಾವೇ ಫೋಕಸ್ ಹುಡುಕುತ್ತವೆ. ಸಾಲಿನ ಮೇಲೆ ಬೆರಳಿಟ್ಟರೆ ಸಾಕು, ಬೆರಳನ್ನು ಹುಡುಕಿಕೊಂಡು ಹೋಗುತ್ತವೆ. ಮೊಬೈಲಿನದೂ ಅದೇ ಪಾಡು, ಮೇಲಿಂದ ನಡುವೆ ಕರೆ ಬರುತ್ತದೆ. ಇನ್ನು 640 ಚುಕ್ಕಿ ಕಡಿಮೆಯಲ್ಲವೇ ಎಂದರೆ, ಅಷ್ಟೂ ಚುಕ್ಕಿ ಐದು ಸೆಂಟಿಮೀಟರ್ ಅಗಲದ ಕಾಗದದ ಮೇಲೆ ಬೀಳುತ್ತವೆ. ಇಂಚಿಗೆ ಸುಮಾರು 325. ಪುಸ್ತಕದ ಅಕ್ಷರಕ್ಕೆ ಧಾರಾಳ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಮಗ ಲ್ಯಾಪ್‌ಟಾಪನ್ನು ಅಂಗಡಿಗೆ ಕೊಟ್ಟು, ಪೂರ್ತಿ ಅಳಿಸಿ ವಿಂಡೋಸ್ 11 ಹಾಕಿಸಿಕೊಂಡು ಬಂದರು. ಎಲ್ಲ ಸರಿಯಿತ್ತು, ಕ್ಯಾಮೆರಾ ಮಾತ್ರ ಕತ್ತಲು. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, ಕೋಡ್ 39: ಈ ಸಾಧನದ ಡ್ರೈವರನ್ನು ಲೋಡ್ ಮಾಡಲಾಗುತ್ತಿಲ್ಲ.

"ಏನಾಗೇದವಾ ಅದಕ್ಕ? ನನಗ ತಿಳಿಯೂ ಹಂಗ ಹೇಳು," ಎಂದರು ಅಕ್ಕೋರು.

ಡ್ರೈವರ್ ಎನ್ನುವುದಕ್ಕೆ ಚಾಲಕ ಎಂದು ಅನುವಾದ ಮಾಡುವುದು ನನಗೆ ಯಾವತ್ತೂ ಒಗ್ಗಿಲ್ಲ. ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗ 1961ರಲ್ಲಿ ಶುರುವಾದದ್ದು. ಅದರ ಕಚೇರಿ ಇಲ್ಲೇ ವೆಸ್ಟ್ ಬ್ಲಾಕ್‌ನಲ್ಲಿ. ಆ ಕಡೆ ಹೋದಾಗಲೆಲ್ಲ ಈ ಪದದ ತಕರಾರು ನೆನಪಾಗುತ್ತದೆ. ಚಾಲಕ ಎಂದರೆ ಅಕ್ಕೋರಿಗೆ ಡಿಟಿಸಿ ಬಸ್ಸು ಕಾಣುತ್ತದೆ. ದುಭಾಷಿ ಎಂದೆ. ಕ್ಯಾಮೆರಾ ತನ್ನ ಮಾತಾಡುತ್ತದೆ, ಕಂಪ್ಯೂಟರ್ ತನ್ನ ಮಾತಾಡುತ್ತದೆ, ನಡುವೆ ನಿಂತವನು ಹೊರಟುಹೋಗಿದ್ದಾನೆ. ಕ್ಯಾಮೆರಾಕ್ಕೆ ಏನೂ ಆಗಿಲ್ಲ.

2003ರಲ್ಲಿ ಯುಎಸ್‌ಬಿ ವಿಡಿಯೋ ಕ್ಲಾಸ್, ಅಂದರೆ ಯುವಿಸಿ, ಎಂಬ ಸಾಮಾನ್ಯ ಭಾಷೆ ಬಂತು. ಅದನ್ನಾಡುವ ಕ್ಯಾಮೆರಾಕ್ಕೆ ಬೇರೆ ಡ್ರೈವರ್ ಬೇಡ, ಸಿಸ್ಟಮ್ಮಿಗೇ ಆ ಭಾಷೆ ಬರುತ್ತದೆ. ಆದರೆ ಅದಾದ ಎಷ್ಟೋ ವರ್ಷ ತಮ್ಮದೇ ನುಡಿಯಾಡುವ ಅಗ್ಗದ ಕ್ಯಾಮೆರಾಗಳು ಮಾರುಕಟ್ಟೆಗೆ ಬರುತ್ತಲೇ ಇದ್ದವು. ನಮ್ಮದು ಆ ಜಾತಿ. ಅದರ ಕಂಪನಿ ವಿಂಡೋಸ್ 7ರ ಕಾಲಕ್ಕೆ ಒಂದು ಡ್ರೈವರ್ ಬರೆದು ಕೈತೊಳೆದುಕೊಂಡಿತು. ಇಷ್ಟು ದಿನ ಅದೇ ನಡೆದುಬಂದಿತ್ತು.

ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ಕಾವಲು ಸಾಮಾನ್ಯವಾಗಿ ತಾನಾಗಿಯೇ ಚಾಲೂ ಇರುತ್ತದೆ. ಕರ್ನಲ್‌ನ ಮೆಮೊರಿಯಲ್ಲಿ ಬರೆಯಬಹುದಾದ ಜಾಗವೂ ಆದೇಶ ನಡೆಸಬಹುದಾದ ಜಾಗವೂ ಒಂದೇ ಆಗಿರಕೂಡದು ಎನ್ನುವುದು ಅದರ ಕಟ್ಟುನಿಟ್ಟು. ಹಳೆಯ ಡ್ರೈವರ್‌ಗಳು ಹೀಗೆ ಶಿಸ್ತಾಗಿ ಬರೆದವಲ್ಲ. ಕಾವಲು ತೆಗೆದರೆ ಕ್ಯಾಮೆರಾ ಬರುತ್ತದೆ. ತೆಗೆದು ನೋಡಿದೆ, ಬಂತು. ಮತ್ತೆ ಹಾಕಿದೆ. ಅದೇ ಲ್ಯಾಪ್‌ಟಾಪಿನಲ್ಲಿ ಮಗನ ಬ್ಯಾಂಕು, ಅಕ್ಕೋರ ಪಿಂಚಣಿ ಎರಡೂ ಇವೆ. ಕಾವಲಿನ ನಿಯಮ ಸರಿಯಾಗಿಯೇ ಇದೆ, ಅದರ ಮೇಲೆ ನನಗೆ ಸಿಟ್ಟಿಲ್ಲ.

ಕ್ಯಾಮೆರಾದ ಮೇಲಿನ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಒಂದೇ ಚಿಪ್ಪು ಹತ್ತಾರು ಹೆಸರಿನ ಡಬ್ಬಿಗಳಲ್ಲಿ ಕೂತಿರುತ್ತದೆ. ನಿಜವಾದ ಗುರುತು ಯುಎಸ್‌ಬಿ ಸಂಖ್ಯೆ: ಮೊದಲರ್ಧ ತಯಾರಕರದು, ಎರಡನೆಯದು ಮಾದರಿಯದು. ವಿಂಡೋಸ್‌ನಲ್ಲಿ ಪ್ರಾಪರ್ಟೀಸ್‌ನ ಹಾರ್ಡ್‌ವೇರ್ ಐಡಿಯಲ್ಲಿ ಸಿಗುತ್ತದೆ. ನಮ್ಮದರ ಒಳಗಿದ್ದದ್ದು ಝಡ್‌ಸಿ0301 ಎಂಬ ಚಿಪ್ಪು.

ಈ ನುಡಿಗೆ ಲಿನಕ್ಸ್‌ನಲ್ಲಿ ದುಭಾಷಿ ಇದ್ದಾನೆ. ಮಿಶೆಲ್ ಕ್ಸಾರ್ ಎಂಬ ಫ್ರೆಂಚ್ ವೈದ್ಯರು ಬಿಡುವಿನ ವೇಳೆಯಲ್ಲಿ ಇಂಥ 200ಕ್ಕೂ ಹೆಚ್ಚು ಕ್ಯಾಮೆರಾಗಳಿಗೆ ಡ್ರೈವರ್ ಬರೆದರು. ಜಿಎಸ್‌ಪಿಸಿಎ ಎಂದು ಅದರ ಹೆಸರು. ಇನ್ನೊಬ್ಬ ಫ್ರೆಂಚ್ ಪ್ರೋಗ್ರಾಮರ್ ಜಾನ್ ಫ್ರಾನ್ಸ್ವಾ ಮುವಾನ್ ಅದನ್ನು ತಿದ್ದಿ ಕಟ್ಟಿದ ಮೇಲೆ 2008ರಲ್ಲಿ ಕರ್ನಲ್ 2.6.27ರೊಳಗೇ ಸೇರಿತು. ಹಾಗಾಗಿ ಕರ್ನಲ್ ಬದಲಾದಾಗಲೆಲ್ಲ ಅದೂ ಜೊತೆಗೇ ಸಾಗುತ್ತದೆ, ಕಂಪನಿ ಇರಲಿ ಬಿಡಲಿ. ಭಾಷಾಶಾಸ್ತ್ರ ಓದುವಾಗ, ನಾಲ್ಕೇ ಜನ ಆಡುವ ಭಾಷೆಗೆ ವ್ಯಾಕರಣ ಬರೆದಿಟ್ಟವರನ್ನು ನೋಡಿ ಆಗುತ್ತಿದ್ದ ಗೌರವವೇ ಇಲ್ಲೂ ಆಯಿತು.

ಕಪಾಟಿನಲ್ಲಿ ಮಲಗಿದ್ದ ನನ್ನ ಹಳೆಯ ಲ್ಯಾಪ್‌ಟಾಪಿಗೆ ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿ ಕೆಳಗೆ ಒಯ್ದೆ. ಏನನ್ನೂ ಇನ್‌ಸ್ಟಾಲ್ ಮಾಡದೆ ಚಿತ್ರ ಬಂತು. ವಿಎಲ್‌ಸಿಯಲ್ಲಿ ಬಣ್ಣ ತಿರುಗಿಸುವ ಆಯ್ಕೆಯಿದೆ, ಬಿಳಿ ಪುಟ ಕಪ್ಪಾಯಿತು. ಆದರೆ ಅಕ್ಷರಗಳ ಮೇಲೆ ಅಡ್ಡಪಟ್ಟಿಗಳು ತೇಲತೊಡಗಿದವು. ಅಕ್ಕೋರು ತಲೆ ಹಿಡಿದುಕೊಂಡು, "ಬ್ಯಾಡವಾ, ಕಣ್ಣು ತಿರಗತಾವ," ಎಂದರು. ಅದು ಟ್ಯೂಬ್‌ಲೈಟಿನ ಕೆಲಸ. ನಮ್ಮ ಕರೆಂಟು 50 ಹರ್ಟ್ಸ್, ಕ್ಯಾಮೆರಾ 60 ಎಂದುಕೊಂಡಿತ್ತು. ಸೆಟ್ಟಿಂಗಿನಲ್ಲಿ 50 ಮಾಡಿದ್ದೇ ಪಟ್ಟಿಗಳು ನಿಂತವು. ಮೂರು ದಿನದಲ್ಲಿ ಅತಿ ಸುಲಭದ ರಿಪೇರಿ ಇದು, ಅವರು ಮೆಚ್ಚಿದ್ದೂ ಇದನ್ನೇ.

ಈಗ ಚಿಂತೆ ಕೇಬಲ್ಲಿನದು. ಬುಡದಲ್ಲಿ ಸಡಿಲವಾಗಿ ಟೇಪು ಸುತ್ತಿದೆ. ಹೋದ ಶನಿವಾರ ಮೆಟ್ರೋದಲ್ಲಿ ಕಾಲ್ಕಾಜಿ ಮಂದಿರಕ್ಕೆ ಹೋಗಿ, ಗಾಡಿ ಬದಲಿಸಿ ನೆಹರು ಪ್ಲೇಸ್‌ನಲ್ಲಿ ಇಳಿದೆ. ಹಳೆ ಸಾಮಾನಿನ ಅಂಗಡಿಯವರು ವೆಬ್‌ಕ್ಯಾಮ್‌ಗಳನ್ನು ಈರುಳ್ಳಿಯಂತೆ ಬುಟ್ಟಿಯಲ್ಲಿ ಸುರಿದಿಟ್ಟಿರುತ್ತಾರೆ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಒಂದೊಂದನ್ನೇ ಚುಚ್ಚಿ ಸಂಖ್ಯೆ ನೋಡಿದೆ. ಹನ್ನೊಂದನೆಯದು ಅದೇ ಚಿಪ್ಪಿನದು, ಬೇರೆ ಕಂಪನಿಯ ಹೆಸರು, ಫೋಕಸ್ ಬಳೆಯೂ ತಿರುಗುತ್ತಿತ್ತು. ಇಷ್ಟು ಹುಡುಕಿದಿರಲ್ಲ, ಇದರಲ್ಲಿ ಅಂಥದ್ದೇನಿದೆ ಎಂದು ಅಂಗಡಿಯವ ಹಿಂದಿಯಲ್ಲಿ ಕೇಳಿದ. ಬೆಲೆ ಏರಿಸಿಯಾನೆಂದು ನಾನು ಹೇಳಲಿಲ್ಲ.