ಗ್ಯಾರೇಜ್ ಡೈರಿ 14: ಹೊಸ ಚೈನ್ ಹಾಕಿದ ಮೇಲೆ ಗಾಡಿ ಸ್ಟಾರ್ಟ್ ಆಗ್ತಿಲ್ಲ

ಟೈಮಿಂಗ್ ಚೈನ್ ಬದಲಾಯಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದ್ರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಟೈಮಿಂಗ್ ತಪ್ಪಿದೆ, ವಾಲ್ವ್ ಬೆಂಡಾಗಿದೆ, ಹೆಡ್ ಇಳಿಸಬೇಕು." ನಿಜ ಇರಬಹುದು. ಆದರೆ ಅಳತೆ ಮಾಡದೆ ಹಾಗೆ ಹೇಳಿದ್ರೆ ಅದು ಬರೀ ಭಯ. ಆ ಭಯದ ಬಿಲ್ ಕಟ್ಟೋದು ಗಾಡಿ ಓನರ್.

ಫೋಟೋ 1ರಲ್ಲಿರೋ ಟ್ಯಾಕ್ಸಿ ಹಾಸನದಿಂದ ಬೆಂಗಳೂರು ಏರ್‌ಪೋರ್ಟ್‌ಗೆ ಓಡೋ ಗಾಡಿ. ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್, 16 ವಾಲ್ವ್, 1,80,000 ಕಿ.ಮೀ. ಆಗಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಅಂತಿತ್ತು ಅಂತ ಬೇರೆ ಕಡೆ ಚೈನ್, ಗೈಡ್, ಟೆನ್ಷನರ್ ಎಲ್ಲ ಹೊಸದು ಹಾಕಿಸಿದ್ದಾರೆ. ಆಮೇಲೆ ಸ್ಟಾರ್ಟೇ ಆಗಿಲ್ಲ. ಅಲ್ಲಿ ಟೈಮಿಂಗ್ ಕವರ್ ಎರಡು ಸಲ ಬಿಚ್ಚಿ ಹಾಕಿ, ಕೊನೆಗೆ ಹೆಡ್ ಕೆಲಸಕ್ಕೆ 38,000 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಗಾಡಿ ಟೋ ಆಗಿ ನಮ್ಮ ಹತ್ರ ಬಂತು.

ಡ್ರೈವರ್ ಕೇಳಿದ್ದು ಇಷ್ಟೇ: "ಅಣ್ಣಾ, ಇಂಜಿನ್ ಹೋಯ್ತಾ ಇಲ್ವಾ, ಅಷ್ಟು ಹೇಳ್ಬಿಡಿ. ಹತ್ತನೇ ತಾರೀಕು ಇಎಂಐ ಇದೆ. ಹೋಗಿದ್ರೆ ಬಂದಷ್ಟಕ್ಕೆ ಮಾರಿಬಿಡ್ತೀನಿ."

ನಾನು ಮೊದಲು ಮಾಡಿದ ಕೆಲಸ ಅಂದ್ರೆ ಕೀ ಇಸ್ಕೊಂಡು ಜೇಬಲ್ಲಿ ಹಾಕ್ಕೊಂಡಿದ್ದು. ನಗಬೇಡಿ, ಇದೇ ಮುಖ್ಯ. ಬಹಳಷ್ಟು ಇಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬರೋ ಜಾಗಕ್ಕೇ ವಾಲ್ವ್ ಕೂಡ ಇಳಿಯುತ್ತೆ. ಎರಡೂ ಒಂದೇ ಹೊತ್ತಿಗೆ ಅಲ್ಲಿ ಸೇರದಂತೆ ಕಾಯೋದು ಚೈನ್. ಕ್ರ್ಯಾಂಕ್ ಎರಡು ಸುತ್ತಿದ್ರೆ ಕ್ಯಾಮ್ ಒಂದು ಸುತ್ತಬೇಕು. ಆ ಹೊಂದಾಣಿಕೆ ಕೆಲವು ಹಲ್ಲು ತಪ್ಪಿರುವಾಗ "ಇನ್ನೊಂದ್ಸಲ ಹೊಡಿ, ಇನ್ನೊಂದ್ಸಲ ಹೊಡಿ" ಅಂತ ಸೆಲ್ಫ್ ಹೊಡೆದ್ರೆ, ಚೆನ್ನಾಗಿದ್ದ ವಾಲ್ವೂ ಬೆಂಡಾಗುತ್ತೆ.

ಅದಕ್ಕೇ ನಾಲ್ಕೂ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸಾಕೆಟ್ ಹಾಕಿ, ಇಂಜಿನ್ ತಿರುಗೋ ದಿಕ್ಕಿಗೇ ಕೈಯಲ್ಲಿ ನಿಧಾನಕ್ಕೆ ಎರಡು ಪೂರ್ತಿ ಸುತ್ತು. ಎಲ್ಲಾದರೂ ಗಟ್ಟಿಯಾಗಿ ತಡೆದ್ರೆ ಅಲ್ಲೇ ನಿಲ್ಲಿಸಬೇಕು, ಬಲ ಹಾಕಬಾರದು. ಇಲ್ಲಿ ಎಲ್ಲೂ ತಡೀಲಿಲ್ಲ. ಅರ್ಧ ಉಸಿರು ಬಂತು.

ಪ್ಲಗ್ ಬಿಚ್ಚಿದಾಗಲೇ ಒಂದು ಸುಳಿವು ಸಿಕ್ಕಿತ್ತು (ಫೋಟೋ 3). ನಾಲ್ಕೂ ಒಣ. ಪೆಟ್ರೋಲ್ ವಾಸನೆ ಹೆಸರಿಗೂ ಇಲ್ಲ. ಲಾರಿಗೆ ಹತ್ತಿಸೋ ಮೊದಲು ಹತ್ತು ನಿಮಿಷ ಸೆಲ್ಫ್ ಹೊಡೆದಿದ್ವಿ ಅಂತ ಡ್ರೈವರೇ ಹೇಳಿದ್ರು. ಬರೀ ಟೈಮಿಂಗ್ ತಪ್ಪಿದ್ರೆ ಇಂಜೆಕ್ಟರ್ ತನ್ನ ಪಾಡಿಗೆ ಪೆಟ್ರೋಲ್ ಸುರೀತಿರುತ್ತೆ, ಪ್ಲಗ್ ಸಾಮಾನ್ಯವಾಗಿ ಒದ್ದೆಯಾಗಿರುತ್ತೆ. ಒಣ ಇದೆ ಅಂದ್ರೆ ಪೆಟ್ರೋಲ್ ಬಿಡು ಅಂತ ಯಾರೂ ಹೇಳ್ತಾನೇ ಇಲ್ಲ.

ಆದ್ರೂ ಟೈಮಿಂಗ್ ನೋಡದೆ ಮುಂದೆ ಹೋಗೋ ಹಾಗಿಲ್ಲ. ಟೈಮಿಂಗ್ ಕವರ್ ಮುಟ್ಟಲಿಲ್ಲ. ಮೇಲಿನ ಟ್ಯಾಪೆಟ್ ಕವರ್ ಮಾತ್ರ ತೆಗೆದು, ಒಂದನೇ ಪಿಸ್ಟನ್ ಮೇಲಕ್ಕೆ ತಂದು, ಪುಲ್ಲಿ ಮಾರ್ಕ್ ಸೇರಿಸಿ ನೋಡಿದೆ. ಎರಡೂ ಕ್ಯಾಮ್ ಸ್ಪ್ರಾಕೆಟ್ ಮಾರ್ಕ್ ಸರಿಯಾಗಿ ಕೂತಿದ್ವು. ಚೈನೂ ಬಿಗಿ. ಟೆನ್ಷನರ್ ಲಾಕ್ ಪಿನ್ ತೆಗೆಯದೆ ಕವರ್ ಹಾಕಿಬಿಟ್ಟಿದ್ರೆ ಇಲ್ಲಿ ಜೋತು ಬಿದ್ದಿರೋದು ಗೊತ್ತಾಗ್ತಿತ್ತು.

ಹಾಗಿದ್ರೆ ಅವರು ಎರಡು ಸಲ ಬಿಚ್ಚಿದ್ದು ಯಾಕೆ? ಡ್ರೈವರ್ ಫೋನಲ್ಲಿದ್ದ ಫೋಟೋ ನೋಡಿದಾಗ ಅರ್ಥ ಆಯ್ತು. ಚೈನ್ ಕೂರಿಸುವಾಗ ಬಣ್ಣದ ಲಿಂಕ್‌ಗಳನ್ನ ಸ್ಪ್ರಾಕೆಟ್ ಮಾರ್ಕಿಗೆ ಸೇರಿಸ್ತೀವಲ್ಲ, ಎರಡು ಸುತ್ತು ತಿರುಗಿಸಿದ ಮೇಲೆ ಸ್ಪ್ರಾಕೆಟ್ ಮಾರ್ಕ್ ವಾಪಸ್ ತನ್ನ ಜಾಗಕ್ಕೆ ಬರುತ್ತೆ, ಬಣ್ಣದ ಲಿಂಕ್ ಬರಲ್ಲ. ಲಿಂಕ್‌ಗಳ ಲೆಕ್ಕ ಬೇರೆ, ಹಲ್ಲುಗಳ ಲೆಕ್ಕ ಬೇರೆ. ಎಲ್ಲ ಮತ್ತೆ ಒಟ್ಟಿಗೆ ಸೇರೋಕೆ ತುಂಬಾ ಸುತ್ತು ಬೇಕು. ಆ ಬಣ್ಣ ಇರೋದು ಕೂರಿಸೋ ಹೊತ್ತಿಗೆ ಮಾತ್ರ. ಲಿಂಕ್ ಎಲ್ಲೋ ಹೋಗಿದ್ದು ನೋಡಿ ಟೈಮಿಂಗ್ ಜಂಪ್ ಆಗಿದೆ ಅಂದ್ಕೊಂಡಿದ್ದಾರೆ.

ಈಗ ಕಂಪ್ರೆಷನ್. ಬ್ಯಾಟರಿ ಫುಲ್ ಚಾರ್ಜ್ ಮಾಡಿ, ಕಾಯಿಲ್, ಇಂಜೆಕ್ಟರ್ ಕನೆಕ್ಟರ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿಸಿ ಗೇಜ್ ಹಾಕಿದೆ. ನಾಲ್ಕು ಸಿಲಿಂಡರೂ 165ರಿಂದ 175 ಪಿಎಸ್ಐ ಒಳಗೆ. ಬೆಂಡಾದ ವಾಲ್ವ್ ಇದ್ದಿದ್ರೆ ಆ ಸಿಲಿಂಡರ್ ಹೀಗೆ ತೋರಿಸಲ್ಲ. ಒಂದು ಹಲ್ಲು ತಪ್ಪಿದ್ರೂ ಕಂಪ್ರೆಷನ್ ಕೆಲವು ಸಲ ಚೆನ್ನಾಗೇ ಬರುತ್ತೆ, ಹಾಗಾಗಿ ಗೇಜ್ ಒಂದನ್ನೇ ನಂಬಬೇಡಿ. ಮಾರ್ಕೂ ಗೇಜೂ ಎರಡೂ ಒಂದೇ ಮಾತು ಹೇಳಿದ ಮೇಲೆ ಡ್ರೈವರ್‌ಗೆ ಹೇಳಿದೆ, "ಇಂಜಿನ್ ಹೋಗಿಲ್ಲ. ಯಾಕೆ ಸ್ಟಾರ್ಟ್ ಆಗ್ತಿಲ್ಲ ಅಂತ ಇನ್ನೂ ಗೊತ್ತಿಲ್ಲ, ಆದ್ರೆ ಹೋಗಿಲ್ಲ." ಅವರು ಅಲ್ಲೇ ಟೈರ್ ಮೇಲೆ ಕೂತ್ರು.

ಉಳಿದಿದ್ದು ಸಲೀಸು. ಎಲ್ಲ ವಾಪಸ್ ಹಾಕಿ, ಸ್ಕ್ಯಾನರ್ ಸಿಕ್ಕಿಸಿ, ಸೆಲ್ಫ್ ಹೊಡೀತಾ ಲೈವ್ ಡೇಟಾ ನೋಡಿದ್ರೆ ಆರ್‌ಪಿಎಂ 0. ಇಂಜಿನ್ ಕಣ್ಣೆದುರು ತಿರುಗ್ತಿದೆ, ಕಂಪ್ಯೂಟರ್‌ಗೆ ಗೊತ್ತೇ ಇಲ್ಲ. ಕ್ರ್ಯಾಂಕ್ ಸೆನ್ಸರ್ ಸಿಗ್ನಲ್ ಬರದೆ ಅದು ಕಾಯಿಲ್‌ಗೂ ಹೇಳಲ್ಲ, ಇಂಜೆಕ್ಟರ್‌ಗೂ ಹೇಳಲ್ಲ. ಕೀ ಆನ್ ಮಾಡಿದಾಗ ಹಿಂದಿನ ಸೀಟ್ ಕೆಳಗೆ ಪಂಪ್ ಎರಡು ಸೆಕೆಂಡ್ ಝುಂಯ್ ಅನ್ನುತ್ತಲ್ಲ, ಅದನ್ನ ಕೇಳಿ ಪೆಟ್ರೋಲ್ ಬರ್ತಿದೆ ಅಂದ್ಕೊಳ್ಳೋರು ಬಹಳ ಜನ.

ಈ ಗಾಡಿಯಲ್ಲಿ ಆ ಸೆನ್ಸರ್ ಇರೋದು ಪುಲ್ಲಿ ಪಕ್ಕದಲ್ಲೇ. ಚೈನ್ ಕೆಲಸಕ್ಕೆ ಆ ಕಡೆ ಇಂಜಿನ್ ಮೌಂಟ್ ಬಿಚ್ಚಲೇಬೇಕು. ವಾಪಸ್ ಹಾಕುವಾಗ ಸೆನ್ಸರ್ ವೈರು ಬ್ರಾಕೆಟ್ ಅಡಿ ಸಿಕ್ಕಿಹಾಕಿಕೊಂಡಿತ್ತು. ಹೊರಗೆ ನೋಡಿದ್ರೆ ಸ್ವಲ್ಪ ಚಪ್ಪಟೆ ಅಷ್ಟೇ (ಫೋಟೋ 6, ಜೂಮ್ ಮಾಡಿ). ಮಲ್ಟಿಮೀಟರ್ ಇಟ್ಟಾಗ ಒಳಗೆ ಒಂದು ಎಳೆ ಕಟ್. ನಾಲ್ಕು ಇಂಚು ವೈರ್, ಸೋಲ್ಡರ್, ಸ್ಲೀವ್. ಅಷ್ಟೇ ಸಾಮಾನು.

ಎರಡನೇ ಸೆಲ್ಫಿಗೆ ಹಿಡೀತು. ಮೊದಲ ಮೂರು ಸೆಕೆಂಡ್ ಕಟಕಟ ಅಂದಾಗ ಡ್ರೈವರ್ ಮುಖ ಬಿಳಿಚಿತು. ಹೊಸ ಟೆನ್ಷನರ್‌ಗೆ ಆಯಿಲ್ ತುಂಬೋವರೆಗೆ ಆ ಸದ್ದು ಇರುತ್ತೆ. ನಿಲ್ಲದೇ ಹೋದ್ರೆ ಮಾತ್ರ ತಕ್ಷಣ ಆಫ್ ಮಾಡಬೇಕು. ಇದು ನಿಂತಿತು.

ಮೊದಲು ಕೆಲಸ ಮಾಡಿದವರನ್ನ ಬೈಯೋಕೆ ಇದು ಬರೀತಿಲ್ಲ. ಚೈನ್ ಅವರು ಸರಿಯಾಗೇ ಕೂರಿಸಿದ್ರು, ಅದೇ ಕಷ್ಟದ ಕೆಲಸ. ಆದ್ರೆ ತಾವು ಬಿಚ್ಚಿದ ದಾರಿಯಲ್ಲೇ ಒಂದ್ಸಲ ವಾಪಸ್ ನಡೆದು ಪ್ರತಿ ಕನೆಕ್ಟರ್, ಪ್ರತಿ ಅರ್ಥ್ ವೈರ್ ಮುಟ್ಟಿ ನೋಡಿದ್ರೆ ಅರ್ಧ ಗಂಟೆ ಸಾಕಿತ್ತು.

ನಾಲ್ಕು ದಿನ ಬಿಟ್ಟು ಗಾಡಿ ಚೆಕಪ್‌ಗೆ ಬಂತು. ಸ್ಟಾರ್ಟಿಂಗ್ ಒಳ್ಳೇದಿದೆ. ಆದ್ರೆ ಎರಡು ಸಲ ಬಿಚ್ಚಿದ ಟೈಮಿಂಗ್ ಕವರ್ ಕೆಳಗಿಂದ ಆಯಿಲ್ ಒಸರೋಕೆ ಶುರುವಾಗಿದೆ. ಅದನ್ನ ಮುಂದಿನ ಭಾಗದಲ್ಲಿ ಹಾಕ್ತೀನಿ.

#ಗ್ಯಾರೇಜ್_ಡೈರಿ #ಟೈಮಿಂಗ್_ಚೈನ್ #ಕ್ರ್ಯಾಂಕ್_ಸೆನ್ಸರ್ #ಹಾಸನ